ಪುಡಿಯೊಳಗಿನ ಹರಳಿನ ಗುಟ್ಟು

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ತುಂಬಿ ಹರಿಯುವ ನದಿ ಒಂದೂ ಇಲ್ಲ. ಪಾಲಾರ್ ಹರಿಯುತ್ತದೆ ಎನ್ನುವುದು ಭೂಪಟದ ಮಾತು. ಇದನ್ನು ಅರಿತೇ ಹಿಂದಿನವರು ಊರಿಗೊಂದು ಕೆರೆ ಕಟ್ಟಿದರು. ಕೆರೆ ಬತ್ತಿದಾಗ ಜನ ಬಾವಿಯನ್ನು ನಂಬಿದರು, ಬಾವಿ ಬತ್ತಿದಾಗ ಕೊಳವೆಬಾವಿ ಕೊರೆಸಿದರು. ಕೊಳವೆ ನೂರು ಅಡಿಯಿಂದ ಮುನ್ನೂರಕ್ಕೆ, ಮುನ್ನೂರರಿಂದ ಸಾವಿರಕ್ಕೆ, ಅದನ್ನೂ ದಾಟಿ ಇಳಿಯಿತು. ಅಷ್ಟು ಆಳದಿಂದ ಮೇಲೆ ಬಂದ ನೀರು ನೋಡಲು ತಿಳಿಯಾಗಿಯೇ ಇತ್ತು. ಆದರೆ ಅದು ಬರಿಗೈಯಲ್ಲಿ ಬರಲಿಲ್ಲ. ಬಂಡೆಯೊಳಗಿನ ಫ್ಲೋರೈಡನ್ನು ಕರಗಿಸಿಕೊಂಡು ಬಂದಿತು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಲವು ಹಳ್ಳಿಗಳಲ್ಲಿ ಇದರ ಗುರುತನ್ನು ಮಕ್ಕಳ ಬಾಯಲ್ಲೇ ಕಾಣಬಹುದು. ಮುಂಭಾಗದ ಹಲ್ಲುಗಳ ಮೇಲೆ ಮೊದಲು ಸುಣ್ಣದಂಥ ಬಿಳಿ ಮಚ್ಚೆ, ಆಮೇಲೆ ಅಡ್ಡಡ್ಡ ಕಂದು ಗೆರೆ. ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ. ಏಕೆಂದರೆ ಅದು ಹಲ್ಲಿಗೆ ಅಂಟಿದ ಕೊಳೆಯಲ್ಲ, ಹಲ್ಲಿನ ಕಟ್ಟಡದಲ್ಲೇ ಆದ ಏರುಪೇರು.

ಒಂದು ಲೀಟರು ನೀರಿನಲ್ಲಿ ಎಷ್ಟು ಫ್ಲೋರೈಡ್ ಇದೆ ಎಂಬುದನ್ನು ರಸಾಯನಶಾಸ್ತ್ರಜ್ಞ ಅಳೆದು ಹೇಳುತ್ತಾನೆ. ಆದರೆ ಅದು ದೇಹದೊಳಗೆ ಹೋದ ಮೇಲೆ ಎಲ್ಲಿ ಕುಳಿತುಕೊಳ್ಳುತ್ತದೆ? ಯಾರನ್ನು ಎಬ್ಬಿಸಿ ಆ ಜಾಗ ಹಿಡಿಯುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಹೇಳುವ ಸಾಧನ ಬೇರೆಯೇ ಇದೆ. ಅದರ ಹೆಸರು ಕ್ಷ-ಕಿರಣ ಪುಡಿ ವಿವರ್ತನೆ. ಹೆಸರು ಉದ್ದ, ತತ್ತ್ವ ಸರಳ. ಮಾಲೂರಿನ ಹೆಂಚಿನ ಮಣ್ಣು, ಚಿನ್ನದ ಗಣಿಯ ಬೆಣಚುಕಲ್ಲು, ಮನುಷ್ಯನ ಮೂಳೆ, ಕೊನೆಗೆ ಮಂಗಳ ಗ್ರಹದ ಧೂಳು ಕೂಡ ಈ ಸಾಧನದ ಮುಂದೆ ತಮ್ಮ ಗುಟ್ಟನ್ನು ಬಿಟ್ಟುಕೊಟ್ಟಿವೆ.

ಮಾವಿನ ತೋಪಿನ ಸಾಲುಗಳು

ಶ್ರೀನಿವಾಸಪುರ ಮಾವಿಗೆ ಹೆಸರಾದ ಊರು. ಅಲ್ಲಿ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ತೋಪನ್ನು ನೋಡಿ. ಮೊದಲು ಗಿಡಗಳೆಲ್ಲ ಅಡ್ಡಾದಿಡ್ಡಿಯಾಗಿ ನಿಂತಂತೆ ಕಾಣುತ್ತವೆ. ಬಸ್ಸು ಸ್ವಲ್ಪ ಮುಂದೆ ಸರಿದೊಡನೆ ನೇರವಾದ ಓಣಿಯೊಂದು ತೆರೆದುಕೊಳ್ಳುತ್ತದೆ. ಇನ್ನೂ ಮುಂದೆ ಹೋದರೆ ಓರೆಯಾದ ಮತ್ತೊಂದು ಓಣಿ, ಆಮೇಲೆ ಇನ್ನಷ್ಟು ಕಿರಿದಾದ ಮಗದೊಂದು. ಗಿಡಗಳು ಅವೇ. ಆದರೆ ಅವುಗಳಲ್ಲಿ ಬೇರೆ ಬೇರೆ ದಿಕ್ಕಿನ ಸಾಲುಗಳು ಅಡಗಿವೆ, ಒಂದೊಂದು ಬಗೆಯ ಸಾಲಿನ ನಡುವೆಯೂ ಒಂದೊಂದು ಅಂತರವಿದೆ. ಈ ಅಂತರಗಳನ್ನೆಲ್ಲ ಯಾರಾದರೂ ಅಳೆದು ಕೊಟ್ಟರೆ, ತೋಪಿನೊಳಗೆ ಕಾಲಿಡದೆಯೇ ಗಿಡಗಳನ್ನು ಹೇಗೆ ನೆಟ್ಟಿದ್ದಾರೆಂದು ಕಾಗದದ ಮೇಲೆ ಬರೆಯಬಹುದು.

ಸ್ಫಟಿಕವೆಂದರೆ ಪರಮಾಣುಗಳ ಇಂಥದೊಂದು ತೋಪು. ಉಪ್ಪು, ಸಕ್ಕರೆ, ಬೆಣಚುಕಲ್ಲು, ಚಿನ್ನ, ಕಬ್ಬಿಣ, ಜೇಡಿಮಣ್ಣು ಇವೆಲ್ಲದರಲ್ಲೂ ಪರಮಾಣುಗಳು ಸಾಲು ಹಿಡಿದು ನಿಂತಿವೆ. ಸಾಲಿನಿಂದ ಸಾಲಿಗೆ ಇರುವ ದೂರ ಮಾತ್ರ ಬಹಳ ಚಿಕ್ಕದು, ಒಂದು ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಕೆಲವೇ ಭಾಗ. ಆ ಹತ್ತು ಕೋಟಿಯ ಒಂದು ಪಾಲಿಗೆ ಆಂಗ್‌ಸ್ಟ್ರಾಂ ಎಂದು ಹೆಸರು. ಬೆಳಕಿನ ಅಲೆ ಇದಕ್ಕೆ ಹೋಲಿಸಿದರೆ ಸಾವಿರಾರು ಪಟ್ಟು ದೊಡ್ಡದು, ಆದ್ದರಿಂದ ಈ ಓಣಿಗಳನ್ನು ಅಳೆಯಲು ಬೆಳಕಿಗೆ ಆಗದು. ಜರ್ಮನಿಯ ರಂಟ್‌ಗೆನ್ 1895ರಲ್ಲಿ ಕಂಡುಹಿಡಿದ ಕ್ಷ-ಕಿರಣದ ಅಲೆಯಾದರೋ ಸುಮಾರು ಒಂದು ಆಂಗ್‌ಸ್ಟ್ರಾಂ ಗಾತ್ರದ್ದು. ಬೀಗಕ್ಕೆ ತಕ್ಕ ಕೀಲಿ!

1912ರಲ್ಲಿ ಮ್ಯಾಕ್ಸ್ ಫಾನ್ ಲಾವೆಯ ಸೂಚನೆಯಂತೆ ಮ್ಯೂನಿಕ್ಕಿನಲ್ಲಿ ಹರಳೊಂದರ ಮೂಲಕ ಕ್ಷ-ಕಿರಣ ಹಾಯಿಸಿದಾಗ ಫೋಟೋ ತಟ್ಟೆಯ ಮೇಲೆ ಅಚ್ಚುಕಟ್ಟಾದ ಚುಕ್ಕೆಗಳು ಮೂಡಿದವು. ಇಂಗ್ಲೆಂಡಿನಲ್ಲಿ ತಂದೆ ವಿಲಿಯಂ ಹೆನ್ರಿ ಬ್ರಾಗ್ ಮತ್ತು ಮಗ ಲಾರೆನ್ಸ್ ಬ್ರಾಗ್ ಆ ಚುಕ್ಕೆಗಳ ಅರ್ಥ ಬಿಡಿಸಿದರು. 1915ರ ನೊಬೆಲ್ ಬಹುಮಾನ ಇಬ್ಬರಿಗೂ ಒಟ್ಟಿಗೆ ಬಂದಾಗ ಮಗನಿಗೆ 25 ವರ್ಷ.

ಬ್ರಾಗ್ ನಿಯಮ ಇಷ್ಟೆ. ಪರಮಾಣುಗಳ ಒಂದರ ಹಿಂದೊಂದು ಪದರಗಳಿಂದ ಪ್ರತಿಫಲಿಸಿದ ಕಿರಣಗಳು ಹೆಜ್ಜೆಗೆ ಹೆಜ್ಜೆ ಕೂಡಿಸಿ ಹೊರಬಂದರೆ ಮಾತ್ರ ಅಲ್ಲಿ ಹೊಳಪು ಕಾಣುತ್ತದೆ. ಹೆಜ್ಜೆ ತಪ್ಪಿದರೆ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಹೆಜ್ಜೆ ಕೂಡುವುದು ನಿರ್ದಿಷ್ಟ ಕೋನದಲ್ಲಿ ಮಾತ್ರ. ಪದರಗಳು ಹತ್ತಿರವಿದ್ದರೆ ಕೋನ ಹೆಚ್ಚು, ದೂರವಿದ್ದರೆ ಕಡಿಮೆ. ಕೋನ ಅಳೆದರೆ ಪದರಗಳ ಅಂತರ ಸಿಕ್ಕಿತು.

ಒಂದು ಲೆಕ್ಕ ಮಾಡಿ ನೋಡೋಣ. ತಾಮ್ರದ ಗುರಿಯಿಂದ ಹೊರಡುವ ಕ್ಷ-ಕಿರಣದ ಅಲೆಯುದ್ದ 1.54 ಆಂಗ್‌ಸ್ಟ್ರಾಂ. ಬೆಣಚುಕಲ್ಲಿನ ಪುಡಿಯಲ್ಲಿ ಎಲ್ಲಕ್ಕಿಂತ ಪ್ರಖರವಾದ ಹೊಳಪು ಕಾಣುವುದು ಕಿರಣ ತನ್ನ ದಾರಿಯಿಂದ 26.6 ಡಿಗ್ರಿ ತಿರುಗಿದಾಗ. ಅದರ ಅರ್ಧ 13.3 ಡಿಗ್ರಿ. ಅದರ ಸೈನ್ ಬೆಲೆ 0.23. ಅಲೆಯುದ್ದವನ್ನು ಇದರ ಎರಡರಷ್ಟರಿಂದ ಭಾಗಿಸಿದರೆ ಬರುವುದು ಸುಮಾರು 3.34. ಬೆಣಚುಕಲ್ಲಿನ ಆ ಸಾಲುಗಳ ಅಂತರ 3.34 ಆಂಗ್‌ಸ್ಟ್ರಾಂ! ಹತ್ತನೆಯ ತರಗತಿಯ ತ್ರಿಕೋನಮಿತಿಯಿಂದ ಪರಮಾಣುವಿನ ಓಣಿಯನ್ನು ಅಳೆದಂತಾಯಿತು.

ಪುಡಿಯೇ ಏಕೆ?

ಬ್ರಾಗ್‌ರ ವಿಧಾನಕ್ಕೆ ಒಂದು ತೊಡಕಿತ್ತು. ಅದಕ್ಕೆ ಕುಂದಿಲ್ಲದ ಒಂಟಿ ಹರಳು ಬೇಕು. ಪ್ರಕೃತಿ ಅಂಥ ಹರಳನ್ನು ಕೈಗಿಡುವುದು ಅಪರೂಪ. ಕೆರೆಯ ಗೋಡುಮಣ್ಣಿನಲ್ಲಿ, ಮೂಳೆಯಲ್ಲಿ, ಸುಣ್ಣದಲ್ಲಿ ಇರುವುದು ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು. 1916ರಲ್ಲಿ ಗಟ್ಟಿಂಗೆನ್ನಿನ ಪೀಟರ್ ಡಿಬೈ ಮತ್ತು ಪಾಲ್ ಶೆರರ್ ಹರಳನ್ನು ಹುಡುಕುವ ಬದಲು ಪುಡಿಯನ್ನೇ ಹಿಡಿದರು. ಅವರ ಮೊದಲ ಯಶಸ್ಸು ಲಿಥಿಯಂ ಫ್ಲೋರೈಡಿನ ಪುಡಿಯಲ್ಲಿ ಎಂಬುದು ಕೋಲಾರದವರು ಗಮನಿಸಬೇಕಾದ ಕಾಕತಾಳೀಯ. ಅವರಿಗೂ ಇವರಿಗೂ ಸಂಬಂಧವಿಲ್ಲದೆ, ಅಮೆರಿಕದಲ್ಲಿ ಆಲ್ಬರ್ಟ್ ಹಲ್ 1917ರಲ್ಲಿ ಇದೇ ದಾರಿ ಕಂಡು ಕಬ್ಬಿಣದ ರಚನೆ ಬಿಡಿಸಿದ.

ಒಂದು ಚಿಟಿಕೆ ಪುಡಿಯಲ್ಲಿ ಲಕ್ಷಾಂತರ ಪುಟ್ಟ ಹರಳುಗಳಿರುತ್ತವೆ. ಕಣಕ್ಕೆ ಸುರಿದ ರಾಗಿಯಂತೆ ಅವು ಎಲ್ಲ ದಿಕ್ಕಿಗೂ ಮುಖ ಮಾಡಿರುತ್ತವೆ. ಯಾವ ಕೋನ ಬೇಕೋ ಆ ಕೋನಕ್ಕೆ ಸರಿಯಾಗಿ ನಿಂತ ಒಂದಷ್ಟು ಹರಳುಗಳು ಅದರಲ್ಲಿ ಇದ್ದೇ ಇರುತ್ತವೆ. ಹಾಗಾಗಿ ಹರಳನ್ನು ತಿರುಗಿಸುವ ಕೆಲಸವೇ ಇಲ್ಲ. ಚುಕ್ಕೆಗಳ ಬದಲು ಉಂಗುರಗಳು ಮೂಡುತ್ತವೆ. ಒಂದೊಂದು ಉಂಗುರವೂ ಒಂದೊಂದು ಸಾಲಿನ ಅಂತರ.

ಇಂದಿನ ಯಂತ್ರದಲ್ಲಿ ಫಿಲ್ಮಿನ ಬದಲು ಕಿರಣವನ್ನು ಎಣಿಸುವ ಸಾಧನವಿದೆ. ಮಾದರಿಯನ್ನು ಒಣಗಿಸಿ, ಅಗೇಟ್ ಕಲ್ಲಿನ ಒರಳಿನಲ್ಲಿ ನುಣ್ಣಗೆ ಅರೆದು, ಸಣ್ಣ ತಟ್ಟೆಯ ಗುಳಿಯಲ್ಲಿ ತುಂಬಿ, ಗಾಜಿನಿಂದ ಸಮ ಮಾಡಿ ಯಂತ್ರದಲ್ಲಿಡುತ್ತಾರೆ. ಎಣಿಸುವ ಸಾಧನ ಕಮಾನಿನ ಮೇಲೆ ನಿಧಾನವಾಗಿ ಸರಿಯುತ್ತದೆ. ಕಾಗದದ ಮೇಲೆ ಬೆಟ್ಟದ ಸಾಲಿನಂತೆ ಶಿಖರಗಳು ಏಳುತ್ತವೆ. ಶಿಖರ ಎಲ್ಲಿದೆ ಎಂಬುದು ಅಂತರವನ್ನು ಹೇಳುತ್ತದೆ. ಎಷ್ಟು ಎತ್ತರ ಎಂಬುದು ಯಾವ ಪರಮಾಣು ಎಲ್ಲಿ ಕುಳಿತಿದೆ ಎಂಬ ಸುಳಿವು ಕೊಡುತ್ತದೆ. ಎಷ್ಟು ಅಗಲ ಎಂಬುದು ಹರಳುಗಳ ಗಾತ್ರವನ್ನು ತಿಳಿಸುತ್ತದೆ. ಹರಳು ಸಣ್ಣದಾದಷ್ಟೂ ಶಿಖರ ಅಗಲವಾಗುತ್ತದೆ ಎಂಬ ಸೂತ್ರವನ್ನು ಕೊಟ್ಟವನು ಶೆರರನೇ, 1918ರಲ್ಲಿ.

ಎರಡು ವಸ್ತುಗಳ ಶಿಖರಮಾಲೆ ಒಂದೇ ರೀತಿ ಇರುವುದು ವಿರಳ. ಹೆಬ್ಬೆಟ್ಟಿನ ಗುರುತಿನಂತೆ ಒಂದೊಂದಕ್ಕೂ ಒಂದೊಂದು. ಅಮೆರಿಕದ ಹ್ಯಾನವಾಲ್ಟ್ ಮತ್ತು ಸಂಗಡಿಗರು 1938ರಲ್ಲಿ ಸಾವಿರ ವಸ್ತುಗಳ ಗುರುತುಗಳನ್ನು ಪಟ್ಟಿ ಮಾಡಿದರು. ಅದೇ ಮುಂದೆ ಕಾರ್ಡುಗಳ ಭಂಡಾರವಾಯಿತು, ಈಗ ಕಂಪ್ಯೂಟರಿನಲ್ಲಿ ಕುಳಿತಿದೆ.

ಮಾಲೂರಿನ ಮಣ್ಣು ಹೇಳುವುದೇನು?

ಮಾಲೂರು ಇಟ್ಟಿಗೆ, ಹೆಂಚುಗಳ ಊರು. ಮಣ್ಣನ್ನು ಹಿಡಿಯಲ್ಲಿ ಹಿಸುಕಿ, ಉಂಡೆ ಕಟ್ಟಿ, ಹೊಸೆದು ನೋಡಿ ಇದು ಹೆಂಚಿಗಾಗುತ್ತದೆ, ಇದು ಇಟ್ಟಿಗೆಗೆ ಸಾಕು ಎಂದು ಹೇಳುವ ಅನುಭವಸ್ಥರು ಇಲ್ಲಿದ್ದಾರೆ. ಅವರ ಬೆರಳು ಗ್ರಹಿಸುವುದನ್ನೇ ಕ್ಷ-ಕಿರಣ ಅಂಕಿಯಲ್ಲಿ ಬರೆಯುತ್ತದೆ.

ಜೇಡಿಮಣ್ಣಿನ ಖನಿಜಗಳು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುತ್ತವೆ. ಕೆಂಪು ನೆಲದಲ್ಲಿ ಹೆಚ್ಚಾಗಿ ಸಿಗುವ ಕೆಯೊಲಿನೈಟಿನ ಪದರಗಳ ಅಂತರ ಸುಮಾರು 7.15 ಆಂಗ್‌ಸ್ಟ್ರಾಂ. ನೀರು ಹಾಕಿದರೆ ಈ ಪದರಗಳು ಬಿಚ್ಚಿಕೊಳ್ಳುವುದಿಲ್ಲ. ಎರೆಮಣ್ಣಿನಲ್ಲಿ ಹೇರಳವಾಗಿರುವ ಸ್ಮೆಕ್ಟೈಟ್ ಹಾಗಲ್ಲ. ಅದರ ಪದರಗಳ ನಡುವೆ ನೀರು ನುಗ್ಗುತ್ತದೆ, ಮಣ್ಣು ಉಬ್ಬುತ್ತದೆ. ಒಣಗಿದಾಗ ಕುಗ್ಗುತ್ತದೆ, ಬಿರಿಯುತ್ತದೆ. ಬೇಸಿಗೆಯಲ್ಲಿ ಎರೆಹೊಲ ಬಾಯಿಬಿಡುವುದು ಇದರಿಂದಲೇ. ಪ್ರಯೋಗಾಲಯದಲ್ಲಿ ಮಣ್ಣಿಗೆ ಗ್ಲೈಕಾಲ್ ಎಂಬ ದ್ರವ ಹೀರಿಸಿದರೆ ಸ್ಮೆಕ್ಟೈಟಿನ ಶಿಖರ ಸುಮಾರು 14-15ರಿಂದ 17 ಆಂಗ್‌ಸ್ಟ್ರಾಮಿಗೆ ಜರುಗುತ್ತದೆ. ಕೆಯೊಲಿನೈಟಿನ ಶಿಖರ ಅಲ್ಲಾಡುವುದಿಲ್ಲ, ಆದರೆ 550 ಡಿಗ್ರಿ ಸೆಲ್ಸಿಯಸ್ ತನಕ ಕಾಯಿಸಿದರೆ ಪೂರ್ತಿ ಮಾಯವಾಗುತ್ತದೆ. ಇವೆರಡು ಪರೀಕ್ಷೆ ಸಾಕು, ಯಾವ ಮಣ್ಣು ಯಾವ ಜಾತಿಯದು ಎಂದು ತಿಳಿಯುತ್ತದೆ.

ಸ್ಮೆಕ್ಟೈಟ್ ಹೆಚ್ಚಿರುವ ಗೋಡಿನಿಂದ ಮಾಡಿದ ಹಸಿ ಇಟ್ಟಿಗೆ ಒಣಗುವಾಗಲೇ ಸೀಳುತ್ತದೆ. ಅದಕ್ಕೆ ಮರಳು ಬೆರೆಸುವ ರೂಢಿ ಸರಿಯಾದದ್ದೇ. ಆದರೆ ಮರಳೂ ಪೂರಾ ಸಾಧುವಲ್ಲ. ಅದರಲ್ಲಿರುವ ಬೆಣಚು 573 ಡಿಗ್ರಿಯಲ್ಲಿ ತನ್ನ ಪರಮಾಣು ಜೋಡಣೆಯನ್ನು ಸ್ವಲ್ಪ ಬದಲಿಸಿಕೊಂಡು ಹಿಗ್ಗುತ್ತದೆ, ತಣಿಯುವಾಗ ಅದೇ ಬಿಂದುವಿನಲ್ಲಿ ತಟ್ಟನೆ ಕುಗ್ಗುತ್ತದೆ. ಗೂಡನ್ನು ಅವಸರದಿಂದ ತೆರೆದರೆ ಹೆಂಚು ಬಿರುಕು ಬಿಡಲು ಇದೂ ಒಂದು ಕಾರಣ. ಗೂಡು ತಾನಾಗಿ ಆರಲಿ ಎಂಬ ಹಿರಿಯರ ಮಾತಿನ ಹಿಂದೆ ಇಂಥ ಸ್ಫಟಿಕ ವಿಜ್ಞಾನವಿದೆ.

ಚಿನ್ನದ ನಾಡಿನಲ್ಲಿ ಒಂದು ಮಿತಿ

ಕೋಲಾರ ಎಂದೊಡನೆ ನೆನಪಾಗುವುದು ಚಿನ್ನ. ಜಾನ್ ಟೇಲರ್ ಕಂಪನಿ 1880ರಲ್ಲಿ ಕೈಹಾಕಿದ ಗಣಿಗಳು 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, 2001ರ ಫೆಬ್ರವರಿ 28ರಂದು ಮುಚ್ಚಿದವು. ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿ ಸೈನೈಡ್ ದಿಬ್ಬಗಳಾಗಿ ಇಂದಿಗೂ ನಿಂತಿದೆ. ಈ ಪುಡಿಯಲ್ಲಿ ಯಾವ ಯಾವ ಖನಿಜಗಳಿವೆ ಎಂದು ಪುಡಿ ವಿವರ್ತನೆಯಿಂದ ತಿಳಿಯಬಹುದು. ಆದರೆ ಟನ್ನಿಗೆ ಒಂದು ಗ್ರಾಮಿನಷ್ಟು ಚಿನ್ನ ಉಳಿದಿದ್ದರೂ ಅದರ ಶಿಖರ ಕಾಣಿಸುವುದಿಲ್ಲ. ನೂರಕ್ಕೆ ಒಂದೆರಡು ಪಾಲಿಗಿಂತ ಕಡಿಮೆಯಿದ್ದರೆ ಸಾಮಾನ್ಯ ಯಂತ್ರದ ಕಣ್ಣಿಗೆ ವಸ್ತು ಬೀಳದು.

ಇನ್ನೊಂದು ಸೋಜಿಗ. ಚಿನ್ನ ಮತ್ತು ಬೆಳ್ಳಿ ಎರಡರ ಪರಮಾಣುಗಳೂ ಒಂದೇ ಬಗೆಯ ಘನಾಕೃತಿಯಲ್ಲಿ ನಿಂತಿವೆ. ಘನದ ಬದಿ ಚಿನ್ನದಲ್ಲಿ 4.08, ಬೆಳ್ಳಿಯಲ್ಲಿ 4.09 ಆಂಗ್‌ಸ್ಟ್ರಾಂ. ಹೀಗಾಗಿ ಚಿನ್ನಕ್ಕೆ ಬೆಳ್ಳಿ ಬೆರೆಸಿದರೆ ಶಿಖರಗಳು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತವೆ. ಪರಮಾಣುವನ್ನೇ ಅಳೆಯುವ ಈ ಸಾಧನಕ್ಕಿಂತ ಇಂಥ ಕಡೆ ಅಕ್ಕಸಾಲಿಗನ ಒರೆಗಲ್ಲೇ ಮೇಲು! ಎಲ್ಲ ಬೀಗಕ್ಕೂ ಒಂದೇ ಕೀಲಿ ಇರುವುದಿಲ್ಲ.

ಹಲ್ಲಿನೊಳಗಿನ ಸ್ಥಾನಪಲ್ಲಟ

ಈಗ ಫ್ಲೋರೈಡಿನ ಕತೆಗೆ ಬರೋಣ. ಮೂಳೆಯ ಪುಡಿಗೂ ಅಪಟೈಟ್ ಎಂಬ ಕಲ್ಲಿನ ಪುಡಿಗೂ ಒಂದೇ ಬಗೆಯ ರೇಖೆಗಳು ಬರುತ್ತವೆ ಎಂದು 1926ರಲ್ಲಿ ಡಿ ಯಾಂಗ್ ತೋರಿಸಿದ. ಅಪಟೈಟಿನ ಪರಮಾಣು ರಚನೆ 1930ರಲ್ಲಿ ಬಿಡಿಸಲ್ಪಟ್ಟಿತು. ಮೂಳೆಯ ಇನ್ನೊಂದು ಭಾಗ ಕಾಲಜನ್ ಎಂಬ ನಾರು. ಅದು ಮೂರೆಳೆಯ ಹುರಿ ಎಂದು ಕ್ಷ-ಕಿರಣದ ಆಧಾರದಿಂದಲೇ 1954ರಲ್ಲಿ ಮದರಾಸಿನಲ್ಲಿ ಸೂಚಿಸಿದವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪೀನಾಥ್ ಕರ್ತಾ. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದವರು. ಮುಂದೆ ಅದೇ ಸಂಸ್ಥೆಗೆ ಮರಳಿ ಬಂದರು.

ಹಲ್ಲು, ಮೂಳೆಗಳ ಖನಿಜದಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಆರು ಮೂಲೆಯ ಚೌಕಟ್ಟು ಕಟ್ಟಿವೆ. ಅದರ ಉದ್ದಕ್ಕೂ ಬಿದಿರಿನ ಕೊಳವೆಯಂಥ ದಾರಿಗಳಿವೆ. ಕೊಳವೆಯೊಳಗೆ ಪೋಣಿಸಿದ ಮಣಿಗಳಂತೆ ಹೈಡ್ರಾಕ್ಸಿಲ್ ಕುಳಿತಿರುತ್ತದೆ. ಹೈಡ್ರಾಕ್ಸಿಲ್ ಎಂದರೆ ಆಮ್ಲಜನಕ ಮತ್ತು ಜಲಜನಕದ ಜೋಡಿ. ಅದು ತನ್ನ ಸುತ್ತಲ ಕ್ಯಾಲ್ಸಿಯಂ ತ್ರಿಕೋನದ ನಟ್ಟನಡುವೆ ಕೂರಲಾರದೆ ತುಸು ಪಕ್ಕಕ್ಕೆ ಸರಿದಿರುತ್ತದೆ. ಫ್ಲೋರೈಡ್ ಒಂಟಿ. ಗಾತ್ರದಲ್ಲೂ ಹೊಂದುತ್ತದೆ. ಹೈಡ್ರಾಕ್ಸಿಲನ್ನು ಎಬ್ಬಿಸಿ ತ್ರಿಕೋನದ ನಡುಮಧ್ಯದಲ್ಲಿ ಭದ್ರವಾಗಿ ಕುಳಿತುಬಿಡುತ್ತದೆ.

ಇದು ನಡೆದಿದೆ ಎಂದು ತಿಳಿಯುವುದು ಹೇಗೆ? ಫ್ಲೋರೈಡ್ ಕುಳಿತಾಗ ಚೌಕಟ್ಟು ಕೊಂಚ ಬಿಗಿಯುತ್ತದೆ. ಅದರ ಅಡ್ಡಳತೆ 9.42 ಆಂಗ್‌ಸ್ಟ್ರಾಮಿನಿಂದ 9.37ಕ್ಕೆ ಇಳಿಯುತ್ತದೆ. ಉದ್ದಳತೆ ಸುಮಾರು 6.88 ಆಗಿ ಹಾಗೇ ಉಳಿಯುತ್ತದೆ. ಪರಿಣಾಮವಾಗಿ 32.9 ಡಿಗ್ರಿಯಲ್ಲಿದ್ದ ಶಿಖರವೊಂದು 33.1ರ ಕಡೆಗೆ ಜರುಗುತ್ತದೆ. ಹತ್ತರಲ್ಲಿ ಎರಡು ಡಿಗ್ರಿಯ ಈ ಸಣ್ಣ ಚಲನೆಯಲ್ಲಿ ಕೊಳವೆಬಾವಿಯ ನೀರಿನ ಸಹಿ ಇದೆ. ಮೂಳೆಯಲ್ಲಿ ಇನ್ನೊಂದು ಗುರುತೂ ಸಿಗುತ್ತದೆ. ಮೂಳೆಯ ಹರಳುಗಳು ಅತಿ ಸಣ್ಣವು, ಆದ್ದರಿಂದ ಅದರ ಶಿಖರಗಳು ಮೊಂಡು ಗುಡ್ಡಗಳಂತಿರುತ್ತವೆ. ಫ್ಲೋರೈಡ್ ಸೇರುತ್ತ ಹೋದಂತೆ ಹರಳು ಬೆಳೆದು ಶಿಖರಗಳು ಚೂಪಾಗುತ್ತವೆ. ಹರಳು ಚೆನ್ನಾಗಿ ಬೆಳೆದರೆ ಒಳ್ಳೆಯದಲ್ಲವೇ ಎನ್ನಬಹುದು. ಮೂಳೆಯ ಮಟ್ಟಿಗೆ ಅಲ್ಲ. ಅಂಥ ಮೂಳೆ ಎಕ್ಸ್-ರೇ ಚಿತ್ರದಲ್ಲಿ ದಟ್ಟವಾಗಿ ಕಂಡರೂ ಬಲವಾಗಿರುವುದಿಲ್ಲ. ಕೀಲುಗಳ ಬಳಿಯ ನಾರುಗಳಲ್ಲೂ ಸುಣ್ಣ ಕಟ್ಟಿ ಬೆನ್ನು, ಕತ್ತು ಬಗ್ಗದಂತಾಗುತ್ತವೆ. ಈ ಕಾಯಿಲೆಯನ್ನು ನಮ್ಮ ದೇಶದಲ್ಲಿ ಮೊದಲು ವಿವರಿಸಿದ್ದು 1937ರಲ್ಲಿ, ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರಿನ ಹಳ್ಳಿಗಳ ಜನರನ್ನು ನೋಡಿ.

ಅಪಟೈಟಿನಲ್ಲಿ ಫ್ಲೋರೈಡ್ ಸೇರಿದರೆ ಅದು ಹುಳಿಗೆ ಸುಲಭವಾಗಿ ಕರಗುವುದಿಲ್ಲ. ಟೂತ್‌ಪೇಸ್ಟಿಗೆ ಅಲ್ಪಸ್ವಲ್ಪ ಫ್ಲೋರೈಡ್ ಹಾಕುವುದು ಇದಕ್ಕಾಗಿಯೇ. ಹಾಗಾದರೆ ಹಲ್ಲಿಗೆ ಕಲೆ ಏಕೆ? ಎನಾಮಲ್ ಕಟ್ಟುವ ಎಳೆಯ ವಯಸ್ಸಿನಲ್ಲಿ ಫ್ಲೋರೈಡ್ ಮಿತಿಮೀರಿದರೆ ಆ ಕೆಲಸ ಮಾಡುವ ಜೀವಕೋಶಗಳೇ ಎಡವುತ್ತವೆ. ಎನಾಮಲ್ಲಿನ ಒಳಗೆ ಸೂಕ್ಷ್ಮ ರಂಧ್ರಗಳು ಉಳಿದುಬಿಡುತ್ತವೆ. ಅವೇ ಮೊದಲು ಸುಣ್ಣದ ಮಚ್ಚೆಯಾಗಿ ಕಾಣುತ್ತವೆ, ಆಮೇಲೆ ಬಣ್ಣ ಹೀರಿ ಕಂದಾಗುತ್ತವೆ. ಅಮೃತಕ್ಕೂ ವಿಷಕ್ಕೂ ಇಲ್ಲಿ ನಡುವಿನ ಗೆರೆ ಬಹಳ ತೆಳ್ಳಗಿನದು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳ್ಳೆಯದು, ಬೇರೆ ನೀರೇ ಸಿಗದಿದ್ದರೆ 1.5ರ ತನಕ ಸೈರಿಸಬಹುದು.

ಬಂಡೆಯಿಂದ ಬಿಂದಿಗೆಗೆ

ಈ ನೆಲದ ಗ್ರಾನೈಟ್ ಮತ್ತು ನೈಸ್ ಬಂಡೆಗಳನ್ನು ಪುಡಿ ಮಾಡಿ ನೋಡಿದರೆ ಬೆಣಚು, ಫೆಲ್ಡ್‌ಸ್ಪಾರ್‌ಗಳ ಜೊತೆಗೆ ಕಪ್ಪು ಕಾಗೆಬಂಗಾರದ, ಅಂದರೆ ಬಯೊಟೈಟಿನ, ಶಿಖರಗಳೂ ಕಾಣುತ್ತವೆ. ಕಾಗೆಬಂಗಾರ, ಹಾರ್ನ್‌ಬ್ಲೆಂಡ್, ಅಪಟೈಟ್, ಫ್ಲೋರೈಟ್ ಇವು ಫ್ಲೋರೈಡಿನ ಕಣಜಗಳು. ಆಳದ ಬಿರುಕಿನಲ್ಲಿ ಬಹುಕಾಲ ನಿಂತ ನೀರು ಇವುಗಳನ್ನು ನಿಧಾನವಾಗಿ ಕರಗಿಸುತ್ತದೆ. ನೀರಿನಲ್ಲಿ ಸಾಕಷ್ಟು ಕ್ಯಾಲ್ಸಿಯಂ ಇದ್ದರೆ ಅದು ಫ್ಲೋರೈಡನ್ನು ಹಿಡಿದು ಕೆಳಗೆ ಕೂರಿಸುತ್ತದೆ. ಆದರೆ ಒಣಭೂಮಿಯಲ್ಲಿ ಕ್ಯಾಲ್ಸಿಯಂ ಸುಣ್ಣಕಲ್ಲಿನ ಹರಳಾಗಿ ಮಣ್ಣಿನಲ್ಲೇ ಉಳಿದು, ಸೋಡಾ ಅಂಶ ಹೆಚ್ಚಿದ ನೀರು ಮಿಗುತ್ತದೆ. ಅಂಥ ನೀರಿನಲ್ಲಿ ಫ್ಲೋರೈಡಿಗೆ ಕಡಿವಾಣ ಇಲ್ಲ. ಮಳೆನೀರು ಇಂಗಿದ ಮೇಲ್ಪದರದ ಬಾವಿಗಳಲ್ಲಿ ಇದರ ಹಾವಳಿ ಸಾಮಾನ್ಯವಾಗಿ ಕಡಿಮೆ. ಕೆರೆಗಳಿಗೆ ಜೀವ ಬಂದರೆ ಹಲ್ಲಿಗೂ ಕ್ಷೇಮ ಎನ್ನುವುದು ಇದಕ್ಕಾಗಿ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ. ಅದು ಅಂತರ್ಜಲ ತುಂಬಲು ಬಂದ ನೀರು, ಕುಡಿಯಲು ಅಲ್ಲ.

ಫ್ಲೋರೈಡ್ ತೆಗೆಯುವ ಉಪಾಯಗಳು ಹಲವು. ಪಟಿಕ ಮತ್ತು ಸುಣ್ಣ ಹಾಕಿ ಕಲಕಿ ತಿಳಿಗೊಳಿಸುವ ನಲ್ಗೊಂಡ ವಿಧಾನ, ಅಲ್ಯುಮಿನಾ ಸೋಸುಗ, ಈಗ ಹಳ್ಳಿ ಹಳ್ಳಿಗೂ ಬಂದಿರುವ ಶುದ್ಧ ಕುಡಿಯುವ ನೀರಿನ ಘಟಕಗಳು. ಆಫ್ರಿಕದ ಕೆಲವೆಡೆ ಸುಟ್ಟ ಮೂಳೆಯ ಇದ್ದಿಲಿನಿಂದ ನೀರು ಸೋಸುತ್ತಾರೆ. ಇದ್ದಿಲಿನಲ್ಲಿರುವುದು ನಮ್ಮ ಮೂಳೆಯ ಖನಿಜವೇ. ಫ್ಲೋರೈಡ್ ಅದರಲ್ಲಿ ಹೋಗಿ ಕೂತರೆ ಮನುಷ್ಯನ ಮೂಳೆ ಉಳಿಯುತ್ತದೆ! ನೆನಪಿಡಬೇಕಾದ ಮಾತೊಂದಿದೆ: ನೀರನ್ನು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಇನ್ನಷ್ಟು ಗಟ್ಟಿಯಾಗುತ್ತದೆ.

ಮಂಗಳನ ಮಣ್ಣಿಗೂ ಇದೇ ಅಳತೆಗೋಲು

ಇರುವ ವಸ್ತುವನ್ನು ಗುರುತಿಸುವುದು ಒಂದು ಕೆಲಸ, ಹೊಸ ವಸ್ತುವಿನ ಪರಮಾಣು ರಚನೆಯನ್ನು ಪುಡಿಯಿಂದಲೇ ಬಿಡಿಸುವುದು ಇನ್ನೊಂದು. ಎರಡನೆಯದು ಬಹುಕಾಲ ಕಷ್ಟವಾಗಿತ್ತು, ಏಕೆಂದರೆ ಪುಡಿಯಲ್ಲಿ ಶಿಖರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ನೆದರ್ಲೆಂಡಿನ ಹ್ಯೂಗೋ ರೀಟ್‌ವೆಲ್ಡ್ 1969ರಲ್ಲಿ ಪ್ರಕಟಿಸಿದ ವಿಧಾನ ದಾರಿ ತೆರೆಯಿತು. ಶಿಖರಗಳನ್ನು ಬಿಡಿಬಿಡಿಯಾಗಿ ಅಳೆಯುವ ಬದಲು, ಊಹಿಸಿದ ರಚನೆಯಿಂದ ಇಡೀ ಬೆಟ್ಟಸಾಲನ್ನು ಕಂಪ್ಯೂಟರಿನಲ್ಲಿ ಬರೆಸಿ, ಅಳೆದದ್ದಕ್ಕೆ ಹೊಂದುವ ತನಕ ತಿದ್ದುತ್ತ ಹೋಗುವುದೇ ಆ ಉಪಾಯ. ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ 1987ರಲ್ಲಿ ದ್ರವ ಸಾರಜನಕದ ತಂಪಿನಲ್ಲೇ ಅತಿವಾಹಕವಾಗುವ ಇಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡನ್ನು ಗುರುತಿಸಿದಾಗಲೂ ಕೈಯಲ್ಲಿ ಇದ್ದದ್ದು ಪುಡಿಯೇ.

2012ರಲ್ಲಿ ಮಂಗಳನ ಮೇಲಿಳಿದ ಕ್ಯೂರಿಯಾಸಿಟಿ ಬಂಡಿ ತನ್ನ ಹೊಟ್ಟೆಯಲ್ಲೇ ಪುಟ್ಟ ಪುಡಿ ವಿವರ್ತನ ಯಂತ್ರ ಹೊತ್ತೊಯ್ದಿತ್ತು. ಅಲ್ಲಿನ ಧೂಳಿನಲ್ಲಿ ಫೆಲ್ಡ್‌ಸ್ಪಾರ್, ಪೈರಾಕ್ಸೀನ್, ಆಲಿವೀನ್‌ಗಳ ಉಂಗುರಗಳು ಕಂಡವು. ಹವಾಯಿಯ ಜ್ವಾಲಾಮುಖಿ ಮಣ್ಣಿಗೂ ಅದಕ್ಕೂ ಹೋಲಿಕೆಯಿತ್ತು. ಕೋಟ್ಯಂತರ ಮೈಲಿ ದೂರದ ಮಣ್ಣಿಗೂ ಬೇತಮಂಗಲದ ಮಣ್ಣಿಗೂ ಅಳತೆಗೋಲು ಒಂದೇ.

ಈ ಅಳತೆಗೋಲು ಮುಳಬಾಗಿಲಿನ ತಾಯಿಗೆ ಹೇಳುವ ಮಾತು ಮಾತ್ರ ಸ್ಪಷ್ಟವಾಗಿದೆ. ಎನಾಮಲ್ ಒಮ್ಮೆ ಕಟ್ಟಿದ ಮೇಲೆ ದೇಹ ಅದನ್ನು ಮತ್ತೆ ಕಟ್ಟುವುದಿಲ್ಲ. ಕೊಳವೆಯೊಳಗೆ ಕುಳಿತ ಫ್ಲೋರೈಡನ್ನು ಎಬ್ಬಿಸುವ ಮದ್ದು ಇಲ್ಲ. ಮಗುವಿನ ಶಾಶ್ವತ ಹಲ್ಲುಗಳ ಎನಾಮಲ್ ಬಹುಪಾಲು ಎಂಟನೆಯ ವರ್ಷದೊಳಗೆ ಕಟ್ಟಿ ಮುಗಿಯುತ್ತದೆ. ಆ ಎಂಟು ವರ್ಷ ಮಗು ಕುಡಿಯುವ ನೀರು, ಅನ್ನ ಬೇಯುವ ನೀರು, ಮುದ್ದೆ ತೊಳಸುವ ನೀರು ಪರೀಕ್ಷೆಯಾದದ್ದಾಗಿರಬೇಕು.